ಡಿಗ್ರಿ ಅಣ್ಣನ ಬ್ರೇಕ್ ಆಯಿಲ್

ಫ್ಯಾಕ್ಟರಿಯಲ್ಲಿ ಅವನನ್ನು ಎಲ್ಲರೂ ಡಿಗ್ರಿ ಅಣ್ಣ ಎನ್ನುತ್ತಿದ್ದರು. ಹಾಗೆಂದು ಅವನು ಡಿಗ್ರಿ ಮುಗಿಸಿದವನಲ್ಲ. ಕಾಲೇಜಿನ ಎರಡನೇ ವರ್ಷ ರಸಾಯನಶಾಸ್ತ್ರ ಒಂದನ್ನು ಬಿಟ್ಟು ಮಿಕ್ಕ ಎಲ್ಲದರಲ್ಲೂ ಡುಮ್ಕಿ ಹೊಡೆದು ಮನೆಗೆ ಬಂದವನು. ಹೆಸರು ಅಂಟಿಕೊಂಡದ್ದು ಬೇರೆ ಡಿಗ್ರಿಯಿಂದ. ಅದು ಕಾರುಗಳಿಗೆ ಬ್ರೇಕ್ ಆಯಿಲ್ ತಯಾರಿಸುವ ಕಾರ್ಖಾನೆ. ಅದರ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಒಂದೇ ಕೆಲಸ. ದೊಡ್ಡ ಟ್ಯಾಂಕಿನಿಂದ ಒಂದು ಲೋಟದಷ್ಟು ಆಯಿಲ್ ಹಿಡಿದು ತರುವುದು, ಗಾಜಿನ ಬುರುಡೆಯಲ್ಲಿ ಕಾಯಿಸುವುದು, ಎಷ್ಟು ಡಿಗ್ರಿಗೆ ಕುದಿಯಿತು ಎಂದು ನೋಡಿ ಬರೆದು ಸಹಿ ಹಾಕುವುದು. ಇನ್ನೂರ ಮೂವತ್ತರ ಮೇಲೆ ಕುದಿದರೆ ಪಾಸು. ಅದಕ್ಕಿಂತ ಕೆಳಗೆ ಕುದಿದರೆ ಆ ಟ್ಯಾಂಕಿನಿಂದ ಒಂದು ಹನಿಯನ್ನೂ ಬಾಟಲಿಗೆ ತುಂಬುವ ಹಾಗಿಲ್ಲ.

ಹೊಸಬರು ಯಾರಾದರೂ "ಅದು ಕುದಿದ್ರೆ ಏನಾಗುತ್ತೆ ಅಣ್ಣ?" ಎಂದು ಕೇಳಿದರೆ ಅವನು ಎದ್ದು ನಿಂತು ಕಾಲಿನಿಂದ ನೆಲ ಒತ್ತಿ ತೋರಿಸುತ್ತಿದ್ದ. "ಇಳಿಜಾರಲ್ಲಿ ಬ್ರೇಕ್ ಒತ್ತಿ ಒತ್ತಿ ಚಕ್ರದ ಹತ್ರ ಕಾವೇರುತ್ತೆ. ಆಯಿಲ್ ಕುದೀತು ಅಂದ್ರೆ ಒಳಗೆ ಗುಳ್ಳೆ ಬರುತ್ತೆ. ಆಮೇಲೆ ನೀನು ಎಷ್ಟು ಒತ್ತಿದ್ರೂ ಗುಳ್ಳೆನೇ ಅಮುಕ್ತೀಯ, ಚಕ್ರ ನಿಲ್ಲಲ್ಲ."

"ಆಮೇಲೆ?"

"ಆಮೇಲೆ ಎದುರಿಗೆ ಏನಿದೆಯೋ ಅದು ನಿಲ್ಸುತ್ತೆ."

ಮೊದಲಿನಿಂದಲೂ ಕೂತಲ್ಲಿ ಕೂರುವ ಜೀವವಲ್ಲ ಅವನದು. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದಮೇಲೆ ಹಿಂದಿರುಗಿ ಬೀಗ ಜಗ್ಗಿ ನೋಡಬೇಕು. ಜಗ್ಗಿ ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ ಬೀದಿಯ ಕೊನೆಯಲ್ಲಿ ಹುಟ್ಟಬೇಕು. ಊಟಕ್ಕೆ ಕೂತರೆ ಒಂದು ಮೊಣಕಾಲು ಮೇಜಿನ ಕೆಳಗೆ ಹೊಲಿಗೆ ಯಂತ್ರದಂತೆ ಆಡುತ್ತಲೇ ಇರಬೇಕು. ಅವನ ಹೆಂಡತಿ ನರ್ಸು. ಮದುವೆಯಾದ ಹೊಸತರಲ್ಲಿ ಇದೇನು ಕಾಯಿಲೆಯೋ ಎಂದು ನಾಡಿ ಹಿಡಿದು ನೋಡಿದ್ದಳು. ಆಮೇಲೆ ಆ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡೇ ಊಟ ಮಾಡುವುದನ್ನು ರೂಢಿ ಮಾಡಿಕೊಂಡಳು.

ಅವರ ಮನೆಯ ಕಾರು ಓಡಿಸುವವಳು ಅವಳೇ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, ಬಣ್ಣ ಮಾಸಿದ್ದು, ಇಂಜಿನ್ ಗಟ್ಟಿ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಮನೆಯಿಂದ ಎರಡು ಸಿಗ್ನಲ್ ದೂರವಿದ್ದಷ್ಟು ಕಾಲ ಆ ಕಾರಿನ ಬಗ್ಗೆ ಅವನಿಗೆ ಅಂಥ ಚಿಂತೆಯೇನೂ ಇರಲಿಲ್ಲ. ಮೂರು ತಿಂಗಳ ಹಿಂದೆ ಅವಳನ್ನು ಬೆಟ್ಟದ ಮೇಲಿನ ಚಿಕಿತ್ಸಾಲಯಕ್ಕೆ ವರ್ಗ ಮಾಡಿದರು. ಹೋಗುವಾಗ ಹದಿನಾಲ್ಕು ತಿರುವು, ಬರುವಾಗ ಹದಿನಾಲ್ಕು ತಿರುವು. ಅಂದಿನಿಂದ ಅವನ ತಲೆಗೆ ಹುಳ ಬಿಟ್ಟಂತಾಯಿತು.

ಬ್ರೇಕ್ ಆಯಿಲ್ ಹಾಕಿ ಎರಡು ವರ್ಷವಾಗಿತ್ತು, ಬದಲಿಸಬೇಕಿತ್ತು. ಒಂದು ಶನಿವಾರ ಗಂಡ ಹೆಂಡತಿ ಇಬ್ಬರೂ ಕಾರನ್ನು ಗ್ಯಾರೇಜಿಗೆ ತಂದರು. ಗ್ಯಾರೇಜು ಅವಳ ತಮ್ಮನದೇ. ಬಾಮೈದ ಬಾನೆಟ್ ಎತ್ತಿ, ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿ, ಒಳಗೆ ಇಣುಕಿ, "ಚಹಾ ಬಣ್ಣಕ್ಕೆ ತಿರುಗಿದೆ ಭಾವ. ನಿಮ್ದೇ ಹಾಕ್ಲಾ, ಒರಿಜಿನಲ್ ಹಾಕ್ಲಾ?" ಎಂದ.

ನಿಮ್ದೇ ಎಂದರೆ ಡಿಗ್ರಿ ಅಣ್ಣನ ಫ್ಯಾಕ್ಟರಿಯದು. ಒರಿಜಿನಲ್ ಎಂದರೆ ಕಾರು ಮಾಡಿದ ಕಂಪನಿಯೇ ತನ್ನ ಹೆಸರಿನಲ್ಲಿ ಮಾರುವುದು. ಹಿಂದಿನ ಎರಡು ಸಲವೂ ಬಾಮೈದ ಕೇಳದೆಯೇ ಇವನ ಫ್ಯಾಕ್ಟರಿಯದನ್ನು ಸುರಿದಿದ್ದ. ಈ ಸಲ ಬಾಯಿಮಾತಿಗೆ ಕೇಳಿದ್ದ, ಅಷ್ಟೆ. ಆದರೆ ಡಿಗ್ರಿ ಅಣ್ಣ ಕಾರಿನ ಜೊತೆ ಬಂದ ಪುಸ್ತಕ ತೆಗೆದ. ನಮ್ಮ ಕಂಪನಿಯದೇ ಹಾಕಿ, ಇಲ್ಲವೇ ಅದೇ ದರ್ಜೆಯ ಬೇರೆಯದನ್ನು ಹಾಕಿ ಎಂದು ಅದರಲ್ಲಿತ್ತು. ಎರಡು ಬಾಗಿಲನ್ನೂ ತೆರೆದಿಟ್ಟು ಪುಸ್ತಕ ಕೈತೊಳೆದುಕೊಂಡಿತ್ತು. ಅವನು ಕಾರಿನ ಸುತ್ತ ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು ಹಾಕಿದ.

"ಒರಿಜಿನಲ್ಲೇ ತರ್ಸು," ಎಂದ ಕೊನೆಗೆ, ನೆಲ ನೋಡುತ್ತ.

ಬಾಮೈದ ಗಹಗಹಿಸಿ ನಕ್ಕ. "ಅಕ್ಕ, ಕೇಳಿದ್ಯಾ? ಭಾವ ತಾವು ಬಡಿಸಿದ್ದನ್ನ ತಾವು ಉಣ್ಣಲ್ವಂತೆ!"

ಹೆಂಡತಿ ನಗಲಿಲ್ಲ. "ಇಪ್ಪತ್ತೆರಡು ವರ್ಷ ನೀವೇ ಅಲ್ವೇನ್ರೀ ಪಾಸ್ ಮಾಡಿ ಸಹಿ ಹಾಕಿದ್ದು? ಊರಿನವ್ರಿಗೆಲ್ಲಾ ಆಗಿದ್ದು ನನಗಾಗಲ್ವಾ?"

"ಹಾಗಲ್ಲ..."

"ಹೇಗೆ ಮತ್ತೆ?"

ಹೇಗೆ ಎನ್ನುವುದು ಅವನಿಗೂ ತಿಳಿಯದು. ಟ್ಯಾಂಕಿನಿಂದ ತಂದ ಆಯಿಲ್ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಇನ್ನೂರ ಐವತ್ತೈದು, ಇನ್ನೂರ ಅರವತ್ತು, ಎಲ್ಲ ಅವನ ಕೈಬರಹದಲ್ಲೇ ಇದ್ದ ಲೆಕ್ಕ. ಆದರೂ ಆಯಿಲ್ ಡಬ್ಬಿಯ ಮುಚ್ಚಳವನ್ನು ತಾನೇ ತಿರುಗಿಸಿ ಮುಚ್ಚಿದ. "ಕಾರು ಇಲ್ಲೇ ಇರ್ಲಿ. ಎರಡು ದಿನ ಬಿಟ್ಟು ಹೇಳ್ತೀನಿ," ಎಂದುಬಿಟ್ಟ. ಹೆಂಡತಿ ಬೀಗದ ಕೈಯನ್ನು ತಮ್ಮನ ಅಂಗೈಗೆ ಹಾಕಿ, "ಸೋಮವಾರದಿಂದ ನಾನು ಎರಡು ಬಸ್ ಬದಲಾಯಿಸ್ಕೊಂಡು ಹೋಗ್ತೀನಿ. ನೀವು ನಿಧಾನವಾಗಿ ತೀರ್ಮಾನ ಮಾಡಿ," ಎಂದು ಸರಸರ ನಡೆದಳು. ಆ "ನಿಧಾನವಾಗಿ" ಎನ್ನುವುದರಲ್ಲಿ ಇದ್ದ ಮೊನಚು ಅವನಿಗೆ ಮನೆ ತಲುಪುವವರೆಗೂ ಚುಚ್ಚುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನೇ ಬಿಡಿಭಾಗದ ಅಂಗಡಿಗೆ ಹೋಗಿ ಎರಡೂ ಬಾಟಲಿ ಕೊಂಡು ತಂದ. ಊಟದ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದ. ಇಪ್ಪತ್ತೆರಡು ವರ್ಷದಲ್ಲಿ ತನ್ನ ಫ್ಯಾಕ್ಟರಿಯ ಬಾಟಲಿಯನ್ನು ಅಂಗಡಿಯಿಂದ ಕೊಂಡದ್ದು ಅದೇ ಮೊದಲು. ಎರಡರ ಮೇಲೂ ಒಂದೇ ದರ್ಜೆ, ಒಂದೇ ಎಚ್ಚರಿಕೆ, ಒಂದೇ ಅಳತೆ. ಎತ್ತಿದ, ಇಟ್ಟ, ಬೆಳಕಿಗೆ ಹಿಡಿದ, ಜಾಗ ಅದಲುಬದಲು ಮಾಡಿದ. ಹೆಂಡತಿ ತಟ್ಟೆ ಇಡಲು ಬಂದವಳು, "ಇವೆರಡಕ್ಕೂ ಬಡಿಸ್ಬೇಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡನ್ನೂ ಕಿಟಕಿಯ ಕಟ್ಟೆಗೆ ಸಾಗಿಸಿದಳು.

ಸೋಮವಾರ ಮಧ್ಯಾಹ್ನ, ಎಲ್ಲರೂ ಕ್ಯಾಂಟೀನಿಗೆ ಹೋದ ಹೊತ್ತಿಗೆ, ಪರೀಕ್ಷಾ ಕೋಣೆಯ ಬಾಗಿಲು ಮುಂದೆ ಮಾಡಿ ಬುರುಡೆ ಕಾಯಿಸಿದ. ಮೊದಲು ಒರಿಜಿನಲ್. ಇನ್ನೂರ ಅರವತ್ತೆರಡಕ್ಕೆ ಕುದಿಯಿತು. ಸರಿ. ಬುರುಡೆ ತೊಳೆದು ಒಣಗಿಸಿ ತಮ್ಮದನ್ನು ಸುರಿದ. ಕೈಕಟ್ಟಿ ನಿಲ್ಲಲಾಗದೆ ಕಿಟಕಿಗೂ ಮೇಜಿಗೂ ಓಡಾಡುತ್ತಿದ್ದ. ಥರ್ಮಾಮೀಟರು ನೂರ ತೊಂಬತ್ತು ದಾಟುತ್ತಿದ್ದಂತೆ ಬುರುಡೆಯಲ್ಲಿ ಗುಳುಗುಳು ಸದ್ದು. ಅವನು ಬಾಗಿ ನೋಡಿದ. ನೂರ ತೊಂಬತ್ತೆಂಟು.

ತಾನೇ ಏನೋ ತಪ್ಪು ಮಾಡಿದೆನೆಂದುಕೊಂಡು ಮತ್ತೆ ಕಾಯಿಸಿದ. ನೂರ ತೊಂಬತ್ತೇಳು.

ಬಾಟಲಿಯ ಮೇಲಿನ ತುಂಬಿದ ದಿನ ನೋಡಿ, ಕಪಾಟಿನಿಂದ ಹಳೆಯ ಪುಸ್ತಕ ಎಳೆದು ಹಾಳೆ ಮಗುಚಿದ. ಮೂರು ತಿಂಗಳ ಹಿಂದಿನ ಅದೇ ಟ್ಯಾಂಕು: ಇನ್ನೂರ ಐವತ್ತೆಂಟು. ಪಕ್ಕದಲ್ಲಿ ತನ್ನದೇ ಸಹಿ. ಆ ಸಹಿ ನೋಡುತ್ತ ನಿಂತಾಗ ಒಂದು ಮಾತು ಹೊಳೆಯಿತು. ಇಷ್ಟು ವರ್ಷ ಅವನು ಕಾಯಿಸಿದ್ದೆಲ್ಲ ಟ್ಯಾಂಕಿನದು. ಬಾಟಲಿಯೊಳಗಿನದನ್ನು ಒಂದು ದಿನವೂ ಕಾಯಿಸಿರಲಿಲ್ಲ.

ಸಂಜೆ ಫ್ಯಾಕ್ಟರಿ ಬಿಟ್ಟವನೇ ಊರಿನ ಮೂರು ಮೂಲೆಯ ಮೂರು ಅಂಗಡಿಗೆ ಹೋದ. ಒಂದೊಂದು ಕಡೆ ಒಂದೊಂದು ಬಾಟಲಿ ಕೊಂಡ. ಮರುದಿನ ಎಲ್ಲರಿಗಿಂತ ಮುಂಚೆ ಬಂದು ಕಾಯಿಸಿದ. ಒಂದು ಇನ್ನೂರ ಐವತ್ತಾರಕ್ಕೆ ಕುದಿಯಿತು. ಉಳಿದೆರಡು ಇನ್ನೂರ ಹತ್ತನ್ನೂ ಮುಟ್ಟಲಿಲ್ಲ. ಮುಚ್ಚಳಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಬಾಟಲಿಗಳ ಬಾಯಿಗೆ ಅಂಟಿಸಿದ್ದ ಬೆಳ್ಳಿ ಹಾಳೆಯ ಚೂರುಗಳನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಚೆನ್ನಾಗಿದ್ದ ಬಾಟಲಿಯ ಹಾಳೆ ಸುತ್ತಲೂ ಕಚ್ಚಿ ಹಿಡಿದಿತ್ತು. ಉಳಿದವುಗಳಲ್ಲಿ ಒಂದು ಮಗ್ಗುಲು ಅಂಟೇ ಇರಲಿಲ್ಲ. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಕುಡಿಯುವ ಚಟ. ಸಂದಿ ಸಿಕ್ಕರೆ ಸಾಕು, ದಿನಾ ಒಂದಿಷ್ಟು ಕುಡಿಯುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ.

ನೇರ ಮುಚ್ಚಳ ಹಾಕುವ ವಿಭಾಗಕ್ಕೆ ನಡೆದ. ಅಲ್ಲಿದ್ದದ್ದು ಅವನಿಗಿಂತ ಹಿರಿಯಳಾದ ಒಬ್ಬ ಹೆಂಗಸು. ಎಲ್ಲರಿಗೂ ಮುಚ್ಚಳದಕ್ಕ. ಬೆಲ್ಟಿನ ಮೇಲೆ ಬಾಟಲಿಗಳು ಹರಿದು ಬರುತ್ತಿದ್ದವು. ಅವಳ ಕಣ್ಣು ಅವುಗಳ ಮೇಲಿಂದ ಕದಲಲಿಲ್ಲ.

"ಅಕ್ಕ, ಈ ಬೆಳ್ಳಿ ಹಾಳೆ ಸರಿಯಾಗಿ ಅಂಟ್ತಾ ಇಲ್ಲ."

"ಈಗ ಗೊತ್ತಾಯ್ತೇನಪ್ಪ ಡಿಗ್ರಿ?" ಎಂದಳು ಅವಳು. "ಹಾಳೆ ಅಂಟ್ಸೋ ಯಂತ್ರದ ತಲೆ ಒಂದ್ಸಲ ಕಾಯುತ್ತೆ, ಒಂದ್ಸಲ ಕಾಯಲ್ಲ. ನಾಲ್ಕು ತಿಂಗಳಾಯ್ತು. ರಿಪೇರಿಯವ್ರಿಗೆ ಹೇಳ್ದೆ, ಬರೆದೂ ಕೊಟ್ಟೆ. ನಿನಗೂ ಹೇಳಿದ್ದೆ."

"ನನಗಾ?"

"ಕ್ಯಾಂಟೀನಲ್ಲಿ. ನೀನು ಕಾಫಿ ಲೋಟ ಹಿಡ್ಕೊಂಡು ನಿಂತಿದ್ದೆ. ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಅಕ್ಕ, ಅಂದೆ."

ಅವನಿಗೆ ನೆನಪಾಗಲಿಲ್ಲ ಎನ್ನುವ ಹಾಗೂ ಇರಲಿಲ್ಲ, ಏಕೆಂದರೆ ಆ ಮಾತು ಅವನದೇ ಧಾಟಿಯಲ್ಲಿತ್ತು. ಹಾಗೇ ಹೇಳಿರುತ್ತಾನೆ. ಹೇಳಿ, ಲೋಟ ಇಟ್ಟು, ಕೋಣೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನೋಡಲು ಓಡಿರುತ್ತಾನೆ.

ಮ್ಯಾನೇಜರು ಕೆಟ್ಟ ಮನುಷ್ಯನಲ್ಲ. ಯಾವಾಗಲೂ ಎರಡು ಫೋನುಗಳ ನಡುವೆ ಸಿಕ್ಕಿಕೊಂಡ ಮನುಷ್ಯ. ಡಿಗ್ರಿ ಅಣ್ಣ ಮುಚ್ಚಳಗಳನ್ನು ಮೇಜಿನ ಮೇಲೆ ಸುರಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮ್ಯಾನೇಜರು ಒಂದು ಫೋನನ್ನು ಅಂಗೈಯಿಂದ ಮುಚ್ಚಿ, "ಟ್ಯಾಂಕ್ ಪಾಸಾಗಿದೆ ತಾನೆ?" ಎಂದರು.

"ಟ್ಯಾಂಕನ್ನ ಯಾರೂ ಕಾರಿಗೆ ಹಾಕ್ಕೊಳ್ಳಲ್ಲ ಸಾರ್."

"ಮೂರು ನಾಲ್ಕು ಬಾಟಲಿ ನೋಡಿ ಫ್ಯಾಕ್ಟರಿ ನಿಲ್ಸಕ್ಕಾಗುತ್ತಾ? ಅಂಗಡಿಯವ್ರು ಬಿಸಿಲಲ್ಲಿ ಇಟ್ಟಿರ್ತಾರೆ, ಯಾರೋ ಡೂಪ್ಲಿಕೇಟ್ ಮಾಡಿರ್ತಾರೆ. ಬರೆದು ಕೊಡು, ನೋಡೋಣ."

ಬರೆದು ಕೊಟ್ಟ. ನೋಡೋಣ ಎಂದವರು ನೋಡುವವರೆಗೆ ಕಾಯುವುದೊಂದೇ ಉಳಿದದ್ದು. ಕಾಯುವುದು ಅವನ ಜಾತಕದಲ್ಲೇ ಇರಲಿಲ್ಲ. ದಾರಿಯಲ್ಲಿ ಹೋಗುವಾಗ ಪ್ರತಿ ಅಂಗಡಿಯ ಶೆಲ್ಫಿನಲ್ಲೂ ತಮ್ಮ ಬಾಟಲಿಯ ಹಳದಿ ಲೇಬಲ್ಲೇ ಕಣ್ಣಿಗೆ ಬೀಳತೊಡಗಿತು. ಎದುರು ಬಂದ ಪ್ರತಿ ಕಾರಿನ ಮುಂದಿನ ಚಕ್ರ ನೋಡುತ್ತ ನಡೆದು ಒಮ್ಮೆ ಲೈಟು ಕಂಬಕ್ಕೆ ಭುಜ ತಾಗಿಸಿಕೊಂಡ. ಆ ಸಂಜೆ ಕಾಲು ತಾನಾಗಿ ಗ್ಯಾರೇಜಿನ ಕಡೆ ತಿರುಗಿತು.

ಅಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನೊಂದು ನಿಂತಿತ್ತು. ಬಾಮೈದ ಬಾನೆಟ್ಟಿನೊಳಗೆ ಬಗ್ಗಿ ಒಂದು ಕೈಯಲ್ಲಿ ಆಲಿಕೆ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಹಳದಿ ಲೇಬಲ್ಲಿನ ಬಾಟಲಿ ಓರೆಯಾಗುತ್ತಿತ್ತು. ಡಿಗ್ರಿ ಅಣ್ಣ ಓಡಿ ಬಂದು ಆ ಬಾಟಲಿಯನ್ನು ಕಿತ್ತುಕೊಂಡ. ಅರ್ಧ ಆಯಿಲ್ ಅವನ ಅಂಗಿಯ ಮೇಲೆ ಚೆಲ್ಲಿತು.

"ಏನ್ ಭಾವ ಇದು!"

"ಹಾಕ್ಬೇಡ."

ವ್ಯಾನಿನ ಡ್ರೈವರು ಸಿಡುಕಿದ. "ರೀ ಸ್ವಾಮಿ, ಯಾರ್ರೀ ನೀವು? ನಾಳೆ ಏಳು ಗಂಟೆಗೆ ನಾನು ಮಕ್ಕಳನ್ನ ಹತ್ತಿಸ್ಕೋಬೇಕು."

"ಅದಕ್ಕೇ ಹೇಳ್ತಿರೋದು. ಇದನ್ನ ಪಾಸ್ ಮಾಡಿದವನು ನಾನು. ಇದು ಸರಿ ಇಲ್ಲ. ಹಾಕ್ಬೇಡಿ."

ಗ್ಯಾರೇಜಿನಲ್ಲಿ ಕಾಯುತ್ತಿದ್ದ ನಾಲ್ಕೈದು ಜನ ತಲೆ ಎತ್ತಿದರು. ಬಾಮೈದ ಏನೂ ಕೇಳದೆ ಆಲಿಕೆ ಒರೆಸಿ, ಒಳಗಿನಿಂದ ಒರಿಜಿನಲ್ ಬಾಟಲಿ ತಂದ. ಅದರ ಮುಚ್ಚಳ ಬಿಚ್ಚಿ ಭಾವನ ಕೈಗೇ ಕೊಟ್ಟ. ಡಿಗ್ರಿ ಅಣ್ಣ ಹಾಳೆಯ ಅಂಚನ್ನು ಸುತ್ತಲೂ ಉಗುರಿನಿಂದ ತಡವಿ ನೋಡಿ ತಲೆಯಾಡಿಸಿದ. ಆಮೇಲೆ, "ನಮ್ಮ ಕಾರಿಗೂ ನಾಳೆ ಒರಿಜಿನಲ್ ಹಾಕ್ಬಿಡು," ಎಂದ. ಈ ಸಲ ನೆಲ ನೋಡಲಿಲ್ಲ.

ಮಾತಿಗೆ ರೆಕ್ಕೆ ಬರಲು ಎಷ್ಟು ಹೊತ್ತು? ಬೆಳಿಗ್ಗೆ ಫ್ಯಾಕ್ಟರಿಯ ಗೇಟು ದಾಟುವ ಮೊದಲೇ ಸುದ್ದಿ ಅವನಿಗಿಂತ ಮುಂದೆ ಬಂದು ಕೂತಿತ್ತು. ಮ್ಯಾನೇಜರು ಎರಡೂ ಫೋನುಗಳನ್ನು ಬೋರಲು ಹಾಕಿದ್ದರು.

"ಬೀದೀಲಿ ನಿಂತು ನಮ್ಮ ಮಾಲನ್ನ ನೀನೇ ಬೈದ್ಯಂತೆ?"

"ಬೈಲಿಲ್ಲ ಸಾರ್. ಹಾಕ್ಬೇಡಿ ಅಂದೆ."

"ಎರಡಕ್ಕೂ ಏನಯ್ಯ ವ್ಯತ್ಯಾಸ?"

"ಸಾರ್, ಒಂದೇ ಒಂದು ಕೆಲಸ ಮಾಡಿ. ಗೋಡೌನಿಗೆ ನೀವೇ ಹೋಗಿ. ಹಿಂದಿನ ಸಾಲಿನ ಹಳೇ ಸ್ಟಾಕಲ್ಲಿ ನಿಮಗಿಷ್ಟ ಬಂದ ಎರಡು ಬಾಟಲಿ ತನ್ನಿ. ನಾನು ಮುಟ್ಟಲ್ಲ. ಕಾಯಿಸೋದನ್ನ ನೀವೇ ನೋಡಿ. ಸರಿ ಇದ್ರೆ ನಾನು ಇವತ್ತೇ ಲೆಕ್ಕ ಮುಗಿಸ್ಕೊಂಡು ಹೋಗ್ತೀನಿ."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದ. ಮ್ಯಾನೇಜರು ಬಾಟಲಿ ತಂದರು, ಬುರುಡೆಯ ಮುಂದೆ ಕುರ್ಚಿ ಎಳೆದು ಕೂತರು. ಮೊದಲನೆಯದು ಏರಿತು, ಏರಿತು, ಇನ್ನೂರ ಐವತ್ತೈದಕ್ಕೆ ಕುದಿಯಿತು. ಅವರು ಕನ್ನಡಕದ ಮೇಲಿನಿಂದ ಅವನನ್ನು ಒಮ್ಮೆ ನೋಡಿದರು, ಅಷ್ಟೆ. ಡಿಗ್ರಿ ಅಣ್ಣ ತೊಳೆದ ಬುರುಡೆಯನ್ನೇ ಮತ್ತೊಮ್ಮೆ ತೊಳೆದು ಒಣಗಿಸಿದ. ಇದೂ ಸರಿ ಇರಲಿ ದೇವರೇ ಎಂದು ಒಂದು ಮನಸ್ಸು, ಸರಿ ಇರದಿರಲಿ ಎಂದು ಇನ್ನೊಂದು. ಯಾವುದು ತನ್ನ ಮನಸ್ಸೆಂದು ತಿಳಿಯದೆ ಬರ್ನರ್ ಹಚ್ಚಿದ.

ಎರಡನೆಯದು ಇನ್ನೂರ ನಾಲ್ಕಕ್ಕೆ ಗುಳುಗುಳು ಎಂದಿತು.

ಮ್ಯಾನೇಜರು ಕನ್ನಡಕ ತೆಗೆದು ಮೂಗಿನ ಎಲುಬು ಒತ್ತಿಕೊಂಡರು. "ಎಷ್ಟು ತಿಂಗಳಾಯ್ತು ಅಂದೆ?"

"ನಾಲ್ಕು. ನನಗೂ ಅಕ್ಕ ಹೇಳಿದ್ರಂತೆ ಸಾರ್. ನಾನೂ ಕಿವಿಗೆ ಹಾಕ್ಕೊಳ್ಳಲಿಲ್ಲ."

ಅವರು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಬೆಲ್ಟಿನ ಗರಗರ ಸದ್ದು ನಿಂತಿತು. ಇಪ್ಪತ್ತೆರಡು ವರ್ಷ ಕೇಳಿ ಕೇಳಿ ಕೇಳದಂತಾಗಿದ್ದ ಸದ್ದು ಅದು. ನಿಂತ ಮೇಲೆ ಕಿವಿಯೊಳಗೆ ಬಡಿಯತೊಡಗಿತು.

ನಾಲ್ಕು ತಿಂಗಳ ಮಾಲು ವಾಪಸ್ಸು ಬಂತು. ಅಂಗಡಿಗಳಿಗೆ ನೋಟೀಸು ಹೋಯಿತು, ಹಾಕಿಸಿಕೊಂಡವರು ಬದಲಿಸಿಕೊಳ್ಳಿ ಎಂದು ಪೇಪರಿನಲ್ಲಿ ಪ್ರಕಟಣೆ ಬಂತು. ಮೂರು ವಾರ ಕೆಲಸವಿಲ್ಲದೆ ಮನೆಯಲ್ಲಿ ಕೂತವರಲ್ಲಿ ಕೆಲವರು ತಮ್ಮ ಅನ್ನಕ್ಕೆ ಕಲ್ಲು ಹಾಕಿದ ಎಂದು ಅವನನ್ನು ಶಪಿಸಿದರು. ಕ್ಯಾಂಟೀನಿನಲ್ಲಿ ಅವನು ಕೂತ ಬೆಂಚು ಮೆಲ್ಲಗೆ ಖಾಲಿಯಾಗುತ್ತಿತ್ತು. ಮುಚ್ಚಳದಕ್ಕ ಮಾತ್ರ ತನ್ನ ತಟ್ಟೆ ಹಿಡಿದು ಎದುರಿಗೆ ಬಂದು ಕೂರುತ್ತಿದ್ದಳು. ಅವನಿಗೆ ಸಮಾಧಾನ ಹೇಳಲು ಬಂದವಳಲ್ಲ. ಹೊಸ ಯಂತ್ರದ ತಲೆಯ ಬಗ್ಗೆ ಹತ್ತು ದೂರು ಹೊತ್ತು ತರುತ್ತಿದ್ದಳು. ಅವನು ಒಂದೊಂದನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ.

ಆ ನಾಲ್ಕು ತಿಂಗಳಲ್ಲಿ ಯಾವುದಾದರೂ ಇಳಿಜಾರಿನಲ್ಲಿ ಯಾರಿಗಾದರೂ ಏನಾದರೂ ಆಗಿತ್ತೇ? ಕಂಪನಿಗೆ ಅಂಥ ಪತ್ರ ಯಾವುದೂ ಬರಲಿಲ್ಲ. ಬರಲಿಲ್ಲ ಎಂದರೆ ಆಗಲಿಲ್ಲ ಎಂದು ಉಳಿದವರು ನಿರಾಳವಾದರು. ಡಿಗ್ರಿ ಅಣ್ಣನಿಗೆ ಅದು ಸಾಧ್ಯವಾಗಲಿಲ್ಲ.

"ಅವತ್ತು ನಾನು ಸುಮ್ನೆ ಬೈದೆ ಕಣ್ರೀ," ಎಂದಳು ಹೆಂಡತಿ ಒಂದು ಭಾನುವಾರ, ಬಟ್ಟೆ ಮಡಚುತ್ತ. "ನೀವು ನಂಬದೇ ಇದ್ದಿದ್ದೇ ಒಳ್ಳೇದಾಯ್ತು."

"ನಂಬದೇ ಇದ್ದಿದ್ದಲ್ಲ, ಹೆದರಿದ್ದು," ಎಂದ ಅವನು. "ಅದೇ ನನಗೆ ಸರಿ ಹೋಗ್ತಿಲ್ಲ. ನೀನು ಬೆಟ್ಟ ಹತ್ತೋವರೆಗೂ ನಾನು ಯಾಕೆ ಹೆದರಲಿಲ್ಲ ಹೇಳು? ಬೇರೆಯವ್ರ ಹೆಂಡ್ತೀರೂ ಬೆಟ್ಟ ಇಳೀತಿರ್ಲಿಲ್ವಾ?"

ಅವಳು ಅಂಗಿಯ ತೋಳನ್ನು ಎರಡು ಸಲ ಮಡಚಿದಳು, ಬಿಚ್ಚಿದಳು. ಅವನ ಪಕ್ಕಕ್ಕೆ ಸರಿದು ಕೂತಳು.

ಫ್ಯಾಕ್ಟರಿ ಮತ್ತೆ ಶುರುವಾದಾಗ ಅವನ ಕೆಲಸಕ್ಕೆ ಇನ್ನೊಂದು ಕೆಲಸ ಸೇರಿತು. ವಾರಕ್ಕೊಮ್ಮೆ ಹೊರಗಿನ ಅಂಗಡಿಗಳಿಂದ ತಮ್ಮದೇ ಬಾಟಲಿ ಕೊಂಡು ತಂದು ಕಾಯಿಸುವುದು. ಮ್ಯಾನೇಜರೇ ಬರೆದು ಹಾಕಿದ್ದು. ಹಿಂದಿನ ವಾರವೂ ಇವನ ಕೈಯಲ್ಲಿ ಬಾಟಲಿ ನೋಡಿದ್ದ ಒಬ್ಬ ಅಂಗಡಿಯವನು, "ಏನ್ ಸಾರ್, ಕುಡೀತೀರಾ?" ಎಂದು ಕೇಳಿಯೂ ಬಿಟ್ಟ.

ಎರಡು ವರ್ಷ ಕಳೆದು ಕಾರಿಗೆ ಆಯಿಲ್ ಬದಲಿಸುವ ಸಮಯ ಬಂದಾಗ ಬಾಮೈದ ಏನೂ ಕೇಳದೆ ಸುಮ್ಮನೆ ಆಲಿಕೆ ಹಿಡಿದು ನಿಂತ. ಡಿಗ್ರಿ ಅಣ್ಣ ಚೀಲದಿಂದ ಹಳದಿ ಲೇಬಲ್ಲಿನ ಬಾಟಲಿ ತೆಗೆದ. ಅದೇ ದಿನ ಅದೇ ಟ್ಯಾಂಕಿನಿಂದ ತುಂಬಿದ ಇನ್ನೆರಡನ್ನು ಆಗಲೇ ಕಾಯಿಸಿ ನೋಡಿಯಾಗಿತ್ತು. ಇದರ ಹಾಳೆಯ ಅಂಚನ್ನು ತಾನೇ ತಡವಿ, ತಾನೇ ಹರಿದು, ತಾನೇ ಸುರಿದ. ಮರುದಿನ ರಜೆ ಹಾಕಿ, "ನಾನೂ ಬರ್ತೀನಿ," ಎಂದು ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತುಬಿಟ್ಟ. ಅಲ್ಲಿಯವರೆಗೆ ಒಂದು ದಿನವೂ ಅವಳ ಜೊತೆ ಬೆಟ್ಟ ಹತ್ತಿದವನಲ್ಲ. ಬೆಳಗಿನಿಂದ ಸಂಜೆಯವರೆಗೆ ಚಿಕಿತ್ಸಾಲಯದ ಹೊರಗಿನ ಬೆಂಚು, ನಲ್ಲಿ, ಗೇಟು ಎಂದು ಓಡಾಡಿ, ಕಾಯುತ್ತಿದ್ದ ರೋಗಿಗಳಿಗಿಂತ ಹೆಚ್ಚು ಸುಸ್ತಾದ.

ಇಳಿಯುವಾಗ ಮೊದಲ ತಿರುವು ಕಳೆಯಿತು, ಎರಡನೆಯದು ಕಳೆಯಿತು. ಅವನು ಅವಳ ಕಾಲನ್ನೇ ನೋಡುತ್ತಿದ್ದ. ಇಂಜಿನ್ ಗುಂಯ್ ಎನ್ನುತ್ತಿತ್ತು, ಕಾರು ತಗ್ಗಿನಲ್ಲಿ ಅಳತೆಯಿಟ್ಟಂತೆ ಮೆಲ್ಲಗೆ ಇಳಿಯುತ್ತಿತ್ತು. ಅವಳ ಪಾದ ಬ್ರೇಕಿನ ಹತ್ತಿರ ಸುಳಿಯುವುದೇ ಅಪರೂಪ.

"ನೀನು ಬ್ರೇಕೇ ಒತ್ತಲ್ವಲ್ಲೇ!"

"ಎರಡನೇ ಗೇರಲ್ಲಿ ಇಳೀತೀನಿ, ಇಂಜಿನ್ನೇ ಕಾರನ್ನ ಹಿಡ್ಕೊಳ್ಳುತ್ತೆ," ಎಂದಳು ಅವಳು, ಕಣ್ಣು ದಾರಿಯಿಂದ ತೆಗೆಯದೆ. "ಬ್ರೇಕೊಂದನ್ನೇ ನಂಬ್ಕೊಂಡು ಯಾರಾದ್ರೂ ಬೆಟ್ಟ ಇಳೀತಾರಾ?"

ಕೆಳಗಿನ ತಿರುವಿನಲ್ಲಿ ಸಾಮಾನು ತುಂಬಿದ ಒಂದು ವ್ಯಾನು ಹಿಂದಿನ ಕೆಂಪು ಬ್ರೇಕ್ ದೀಪ ಒಂದೇ ಸಮನೆ ಉರಿಸಿಕೊಂಡು ಇಳಿಯುತ್ತಿತ್ತು. ಅದು ಕಣ್ಮರೆಯಾಗುವವರೆಗೂ ಅವನು ಅದನ್ನೇ ನೋಡಿದ. ಬೆಟ್ಟದ ಬುಡ ಬರುವವರೆಗೂ ಅವನ ಬಲಗಾಲು ಸೀಟಿನ ಮುಂದಿನ ಖಾಲಿ ನೆಲವನ್ನು ಒತ್ತುತ್ತಲೇ ಇತ್ತು.